ಹೊಳಪಿನ ಮೇಣ, ಹೊಳೆಯ ನೀರು

(ಬೆಳಗಾವಿಯ ಕೋಟೆ ಆವರಣದಲ್ಲಿ ನಡೆದ ನಿಸರ್ಗ ಅಧ್ಯಯನ ಶಿಬಿರದಲ್ಲಿ ಖಾನಾಪುರ ತಾಲೂಕಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಕಾಡು, ನದಿ, ಜೀವವೈವಿಧ್ಯಗಳ ಕುರಿತು ಚರ್ಚಿಸುವ ಈ ಶಿಬಿರದಲ್ಲಿ ಕೃಷಿ ವಿಜ್ಞಾನಿಯೊಬ್ಬ ಮೋಟಾರು ವಾಹನಕ್ಕೆ ಹಚ್ಚುವ ಮೇಣದ ಬಗ್ಗೆ ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವಾಗಿ ಕಂಡೀತು. ಆದರೆ ಈ ವಿಷಯ ನಾನು ಆರಿಸಿಕೊಂಡದ್ದಲ್ಲ, ನೀವೇ ಕೊಟ್ಟದ್ದು. ಹಿಂದಿನ ಸಭೆ ಮುಗಿದ ಮೇಲೆ, ಜಾಂಬೋಟಿ ಮಾರ್ಗದಲ್ಲಿ ಬಾಡಿಗೆ ಗಾಡಿ ಓಡಿಸುವ ತರುಣನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಸರ, ಗಾಡಿ ಹೊಳಪು ಭಾಳ ದಿನಾ ಉಳೀಬೇಕಂದ್ರ ಏನು ಹಚ್ಚಬೇಕ್ರಿ? ಅಂಗಡ್ಯಾಗ ನೂರಾರು ನಮೂನಿ ಅದಾವು, ಒಬ್ಬೊಬ್ಬರು ಒಂದೊಂದು ಹೇಳ್ತಾರ" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿ ನಿಂತಿದ್ದ ಹಿರಿಯ ತಾಯಿಯೊಬ್ಬರು, "ತಮ್ಮಾ, ಮೊದಲ ಹೊಳ್ಯಾಗ ಗಾಡಿ ತೊಳಿಯೂದು ಬಿಡು. ನಾವು ಕುಡಿಯೂ ನೀರದು. ಆಮ್ಯಾಲೆ ಹೊಳಪಿನ ಮಾತಾಡೂನು" ಎಂದರು.

ಇಬ್ಬರ ಮಾತೂ ಸರಿಯಾದುದೇ. ಸಾಲ ಮಾಡಿ ಗಾಡಿ ಕೊಂಡವನಿಗೆ ಅದರ ಮೈಬಣ್ಣ ಕೆಡದಿರಲಿ ಎಂಬ ಆಸೆಯಿರುವುದು ಶೋಕಿಯಲ್ಲ. ಮರುಮಾರಾಟದ ಬೆಲೆ ಅದರಲ್ಲಿದೆ, ತಗಡು ತುಕ್ಕು ಹಿಡಿಯದಿರುವುದೂ ಅದರಲ್ಲಿದೆ. ಹಾಗೆಯೇ ಹೊಳೆಯ ನೀರನ್ನು ಕುಡಿಯುವವರ ಆತಂಕವೂ ಅತಿಶಯೋಕ್ತಿಯಲ್ಲ. ಈ ಎರಡು ಮಾತುಗಳನ್ನು ಒಂದೇ ಪ್ರಶ್ನೆಯಾಗಿ ನೋಡಬೇಕೆಂಬುದು ಇಂದಿನ ನನ್ನ ಭಾಷಣದ ಸಾರ. ವಾಹನಕ್ಕೆ ಹಚ್ಚಿದ ಯಾವ ಮೇಣವೂ ಅಲ್ಲಿಯೇ ಉಳಿಯುವುದಿಲ್ಲ. ತಿಂಗಳಿಗೋ ವರ್ಷಕ್ಕೋ ಅದು ಕಳಚಿ ಎಲ್ಲಿಗಾದರೂ ಹೋಗಲೇಬೇಕು. ಆದುದರಿಂದ "ಎಷ್ಟು ದಿನ ಬಾಳುತ್ತದೆ" ಎಂದು ಕೇಳುವಾಗಲೇ "ಬಾಳಿದ ಮೇಲೆ ಎಲ್ಲಿಗೆ ಹೋಗುತ್ತದೆ" ಎಂದೂ ಕೇಳಬೇಕು.

ಕೆಸುವಿನ ಎಲೆಯ ಪಾಠ

ಮೇಣದ ವಿಷಯವನ್ನು ಮಾತನಾಡಲು ಕೃಷಿ ವಿಜ್ಞಾನಿಗೆ ಒಂದು ಅಧಿಕಾರವಿದೆ. ಭೂಮಿಯ ಮೇಲೆ ಅತಿ ಹೆಚ್ಚು ಮೇಣ ಹಚ್ಚುವ ಕೆಲಸ ನಡೆಯುವುದು ಎಲೆಗಳ ಮೇಲೆ. ಪ್ರತಿಯೊಂದು ಎಲೆಯ ಹೊರಮೈಗೂ ತೆಳುವಾದ ಮೇಣದ ಹೊದಿಕೆಯಿದೆ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ನೀರು ನಿಂತು ಶಿಲೀಂಧ್ರ ಬೆಳೆಯದಂತೆ ಅದು ಕಾಯುತ್ತದೆ.

ನಮ್ಮ ಹಿತ್ತಲಿನ ಕೆಸುವಿನ ಎಲೆಯನ್ನು ನೆನೆಯಿರಿ. ಅದರ ಮೇಲೆ ಬಿದ್ದ ಹನಿ ಮುತ್ತಿನಂತೆ ಉರುಳುತ್ತದೆ. ಉರುಳುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ತಾವರೆಯ ಎಲೆಯೂ ಹಾಗೆಯೇ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಸಹೋದ್ಯೋಗಿ ನೈನ್‌ಹುಯಿಸ್ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಗುಟ್ಟನ್ನು ವಿವರಿಸಿದರು. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳಿವೆ. ಆ ಗುಬುಟುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ಹನಿ ಆ ತುದಿಗಳ ಮೇಲಷ್ಟೇ ಕುಳಿತುಕೊಳ್ಳುತ್ತದೆ. ಅದರ ಕೆಳಗೆ ಗಾಳಿಯಿರುತ್ತದೆ. ಆದುದರಿಂದ ಅದು ಅಂಟುವುದಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕೆಸುವಿನ ಎಲೆ ಹೊಳೆಯುವುದಿಲ್ಲ, ಮಬ್ಬಾಗಿರುತ್ತದೆ. ಮೈ ತರಿತರಿಯಾಗಿರುವುದರಿಂದಲೇ ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತರಿತರಿಯಾದ ಮೈ ಬೆಳಕನ್ನು ಚದುರಿಸುತ್ತದೆ. ಕನ್ನಡಿಯಂತಹ ಹೊಳಪು ಮತ್ತು ತಾವರೆಯೆಲೆಯಂತಹ ಸ್ವಯಂಶುದ್ಧಿ ಎರಡೂ ಒಂದೇ ಡಬ್ಬಿಯಲ್ಲಿ ಇವೆಯೆಂದು ಯಾರಾದರೂ ಹೇಳಿದರೆ, ಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸಿರಿ. ಮೇಣ ಹಚ್ಚಿದ ನುಣುಪಾದ ಬಣ್ಣದ ಮೇಲೆ ಹನಿ ಅರ್ಧಗೋಲಿಯಂತೆ ನಿಲ್ಲುತ್ತದೆಯೇ ಹೊರತು ಕೆಸುವಿನ ಎಲೆಯ ಮೇಲಿನಂತೆ ಪೂರ್ತಿ ಗೋಲಿಯಾಗಿ ಓಡುವುದಿಲ್ಲ. ನಿಂತ ಹನಿ ಅಲ್ಲಿಯೇ ಒಣಗಿದರೆ, ಅದರಲ್ಲಿದ್ದ ಲವಣ ಉಂಗುರದಂತೆ ಕಲೆಯಾಗಿ ಉಳಿಯುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದ ಗಾಡಿಗಳ ಮೇಲೆ ನೀವಿದನ್ನು ಕಂಡಿರಬಹುದು.

ಎರಡನೆಯದು, ಬೆರಳಿನಿಂದ ಕೆಸುವಿನ ಎಲೆಯನ್ನು ಒಂದೆಡೆ ಗಟ್ಟಿಯಾಗಿ ಉಜ್ಜಿ ಆಮೇಲೆ ನೀರು ಹಾಕಿರಿ. ಉಜ್ಜಿದ ಜಾಗದಲ್ಲಿ ನೀರು ಹರಡಿಕೊಳ್ಳುತ್ತದೆ. ಸೋಪಿನ ನೀರು ಹಾಕಿದರೂ ಹನಿ ಮುತ್ತಾಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ರೈತರು ಅದಕ್ಕೆ ರಾಳದ ಸೋಪನ್ನು ಅಂಟಾಗಿ ಬೆರೆಸುವುದು ಇದಕ್ಕಾಗಿಯೇ. ಮೇಣದ ಮೈಯ ಮೇಲೆ ಔಷಧ ಜಾರಿಹೋಗದೆ ನಿಲ್ಲಲೆಂದು. ಜೀವಂತ ಎಲೆ ಬೆಳೆಯುವಾಗ ಕಳೆದುಕೊಂಡ ಮೇಣವನ್ನು ಮತ್ತೆ ಸ್ರವಿಸಿಕೊಳ್ಳಬಲ್ಲದು. ಗಾಡಿಯ ಬಣ್ಣಕ್ಕೆ ಆ ಶಕ್ತಿಯಿಲ್ಲ. ಪಾತ್ರೆ ತೊಳೆಯುವ ಖಾರವಾದ ಸೋಪಿನಿಂದ ವಾರವಾರವೂ ಗಾಡಿ ಉಜ್ಜುವವನು ತಾನು ಹಚ್ಚಿದ ಮೇಣವನ್ನು ತಾನೇ ತೆಗೆದು ಹೊಳೆಗೆ ಬಿಡುತ್ತಿರುತ್ತಾನೆ.

ಹೊಳಪು ಇರುವುದು ಎಲ್ಲಿ?

ಇಂದು ಬೆಳಿಗ್ಗೆ ನೀವೆಲ್ಲರೂ ಇದೇ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡಿ ಬಂದಿರಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ನೇಮಿನಾಥನ ಬಸದಿಯದು. ಮಂಟಪದ ಮೇಲ್ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಎಲ್ಲರೂ ತಲೆಯೆತ್ತಿ ನೋಡಿದಿರಿ. ಕಂಬಗಳನ್ನು ಕೈಯಿಂದ ಮುಟ್ಟಿದವರಿಗೆ ಅವುಗಳ ನುಣುಪು ತಿಳಿದಿರಬಹುದು. ಎಂಟುನೂರು ವರ್ಷಗಳಾದರೂ ಉಳಿದಿರುವ ಆ ನಯ ಲೇಪನದಿಂದ ಬಂದುದಲ್ಲ. ಕಲ್ಲಿನ ಮೈಯನ್ನೇ ಉಜ್ಜಿ ಸಮಗೊಳಿಸಿದುದರಿಂದ ಬಂದದ್ದು. ಬೆಳಕು ಸಮವಾದ ಮೈಯಿಂದ ಒಂದೇ ದಿಕ್ಕಿಗೆ ಮರಳುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಗೀರುಗಳಿದ್ದರೆ ಬೆಳಕು ಚದುರುತ್ತದೆ. ಅದನ್ನು ಮಬ್ಬು ಎನ್ನುತ್ತೇವೆ.

ಗಾಡಿಯ ಬಣ್ಣದಲ್ಲಿಯೂ ಇದೇ ನಿಯಮ. ತಗಡಿನ ಮೇಲೆ ತುಕ್ಕುನಿರೋಧಕ ಪದರ, ಅದರ ಮೇಲೆ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಈ ಕೊನೆಯ ಪದರಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಇರುವುದು ಅದರಲ್ಲಿ. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನೀವು ಬರೆಯುವ ಕಾಗದದ ದಪ್ಪ ಸುಮಾರು 100 ಮೈಕ್ರಾನ್. ಎಂದರೆ ನಿಮ್ಮ ಗಾಡಿಯ ಹೊಳಪೆಲ್ಲವೂ ಅರ್ಧ ಕಾಗದದಷ್ಟು ದಪ್ಪದೊಳಗೆ ಇದೆ.

ಇಲ್ಲಿ ಪಾಲಿಶ್ ಮತ್ತು ಮೇಣಗಳ ಭೇದವನ್ನು ತಿಳಿಯಬೇಕು. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು. ಪಾಲಿಶ್ ಅಥವಾ ರಬ್ಬಿಂಗ್ ಎಂಬುದು ನುಣ್ಣನೆಯ ಮರಳಿನಂತಹ ವಸ್ತುವಿನಿಂದ ಮೇಲ್ಪದರವನ್ನು ಸವೆಸಿ ಸಮಗೊಳಿಸುವ ಕ್ರಿಯೆ. ಅದು ತೆಗೆಯುತ್ತದೆ. ಮೇಣ ಮತ್ತು ಸೀಲೆಂಟ್ ಸೇರಿಸುತ್ತವೆ. ಸಮಗೊಂಡ ಮೈಯ ಮೇಲೆ ಹೆಚ್ಚೆಂದರೆ ಒಂದೆರಡು ಮೈಕ್ರಾನಿನಷ್ಟು ಹೊದಿಕೆ ಹಾಸುತ್ತವೆ. ಯಂತ್ರದಿಂದ ಪಾಲಿಶ್ ಮಾಡಿಸಿದಾಗಲೆಲ್ಲ ಕೆಲವು ಮೈಕ್ರಾನ್ ಶಾಶ್ವತವಾಗಿ ಹೋಗುತ್ತದೆ. ಪ್ರತಿ ಹಬ್ಬಕ್ಕೂ ರಬ್ಬಿಂಗ್ ಮಾಡಿಸುವವನು ಕೆಲವೇ ವರ್ಷಗಳಲ್ಲಿ ಮೇಲ್ಪದರ ಕಳೆದುಕೊಂಡು, ಆಮೇಲೆ ಯಾವ ಮೇಣ ಹಚ್ಚಿದರೂ ಹೊಳೆಯದ ಗಾಡಿಯ ಒಡೆಯನಾಗುತ್ತಾನೆ.

ಮೇಣಗಳ ಮೂಲ

ಮೇಣ ಎಂಬ ಪದವೇ ನಮ್ಮಲ್ಲಿ ಎರಡು ವಸ್ತುಗಳಿಗೆ ಸಲ್ಲುತ್ತದೆ: ಜೇನುಮೇಣ ಮತ್ತು ಹಲಸಿನ ಮೇಣ. ಮೊದಲನೆಯದು ಕಾಯುವ ಮೇಣ, ಎರಡನೆಯದು ಅಂಟುವ ಮೇಣ. ಗಾಡಿಯನ್ನು ಹಲಸಿನ ಮರದ ಕೆಳಗೆ ನಿಲ್ಲಿಸಿದವರಿಗೆ ಈ ಭೇದ ಚೆನ್ನಾಗಿ ಗೊತ್ತು. ಅಂಟಿದ ಹಲಸಿನ ಮೇಣವನ್ನು ಉಗುರಿನಿಂದ ಕೆರೆಯಬಾರದು. ಹಣ್ಣು ಕೊಯ್ಯುವಾಗ ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯನ್ನೇ ಅದರ ಮೇಲೂ ಸವರಿ, ಮೆತ್ತಗಾದ ಮೇಲೆ ಬಟ್ಟೆಯಿಂದ ಒರೆಸಿದರೆ ಸಾಕು.

ಕಾಯುವ ಮೇಣಗಳಲ್ಲಿ ವಾಹನಲೋಕದಲ್ಲಿ ಹೆಸರಾದುದು ಕಾರ್ನೌಬಾ. ಈಶಾನ್ಯ ಬ್ರೆಜಿಲಿನ ಒಣನಾಡಿನಲ್ಲಿ ಬೆಳೆಯುವ ತಾಳೆ ಜಾತಿಯ ಮರದ ಎಲೆಯ ಮೇಣವದು. ಬರಗಾಲದಲ್ಲಿ ನೀರು ಉಳಿಸಿಕೊಳ್ಳಲು ಆ ಮರ ತನ್ನ ಎಲೆಗಳಿಗೆ ದಪ್ಪನೆಯ ಮೇಣ ಹೊದಿಸಿಕೊಳ್ಳುತ್ತದೆ. ಮರ ಕಡಿಯದೆ, ಎಲೆಗಳನ್ನಷ್ಟೇ ಕೊಯ್ದು ಬಿಸಿಲಿನಲ್ಲಿ ಒಣಗಿಸಿ, ಬಡಿದು ಮೇಣದ ಪುಡಿ ಉದುರಿಸುತ್ತಾರೆ. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿಯೇ ಕರಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಪ್ಪು ಗಾಡಿಯ ಬಾನೆಟ್ 70 ಡಿಗ್ರಿಯ ಆಸುಪಾಸಿಗೆ ಕಾಯಬಲ್ಲದು. ಆದುದರಿಂದ ಬಾಗಿಲು, ಕುರ್ಚಿ, ಕೊಡಲಿಯ ಕಾವುಗಳಿಗೆ ಶ್ರೇಷ್ಠವಾದ ಜೇನುಮೇಣ ಗಾಡಿಯ ಮೇಲೆ ಮೆತ್ತಗಾಗಿ ಧೂಳನ್ನು ಹಿಡಿಯುತ್ತದೆ. ಗಾಡಿಗಾಗಿ ಯಾರೂ ಹೆಜ್ಜೇನಿನ ಹುಟ್ಟಿಗೆ ಕೈ ಹಾಕಬೇಕಿಲ್ಲ.

ಕಾರ್ನೌಬಾ ತೀರ ಗಟ್ಟಿ. ಅದನ್ನು ಹಾಗೆಯೇ ಹಚ್ಚಲಾಗದು. ಎಣ್ಣೆ, ಇತರ ಮೇಣಗಳು ಮತ್ತು ಪೆಟ್ರೋಲಿಯಂ ಮೂಲದ ದ್ರಾವಕಗಳನ್ನು ಬೆರೆಸಿಯೇ ಡಬ್ಬಿಗೆ ತುಂಬುತ್ತಾರೆ. ಡಬ್ಬಿಯ ಮೇಲೆ "ಶುದ್ಧ ಕಾರ್ನೌಬಾ" ಎಂದು ಬರೆದಿದ್ದರೆ ಅದರಲ್ಲಿರುವ ಕಾರ್ನೌಬಾ ಶುದ್ಧವೆಂದು ಅರ್ಥವೇ ಹೊರತು ಡಬ್ಬಿಯೆಲ್ಲ ಅದೇ ಎಂದಲ್ಲ. ಮೂಗಿಗೆ ಬಡಿಯುವ ಸೀಮೆಎಣ್ಣೆಯಂತಹ ವಾಸನೆ ದ್ರಾವಕದ್ದು. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ದಿನವಿಡೀ ಉಜ್ಜುವ ಹುಡುಗರ ಬಗ್ಗೆ ನನಗೆ ಚಿಂತೆಯಿದೆ. ಗಾಳಿಯಾಡುವ ನೆರಳಿನಲ್ಲಿ, ಕೈಗವಸು ಹಾಕಿಕೊಂಡು ಮಾಡುವ ಕೆಲಸವಿದು.

ನೈಸರ್ಗಿಕವಾದುದೆಲ್ಲವೂ ನಿರ್ದೋಷವೆಂದು ನಮ್ಮ ಬಳಗದಲ್ಲಿ ಕೆಲವರು ನಂಬುತ್ತಾರೆ. ಹಾಗಲ್ಲ. ಕಾರ್ನೌಬಾ ತೋಟಗಳ ಕೂಲಿಕಾರರು ಜೀತಕ್ಕೆ ಸಮಾನವಾದ ಸ್ಥಿತಿಯಲ್ಲಿ ದುಡಿಯುತ್ತಿದ್ದುದನ್ನು 2017ರಲ್ಲಿ ಜರ್ಮನಿಯ ದೂರದರ್ಶನ ಬಯಲಿಗೆಳೆದಾಗ ದೊಡ್ಡ ಚರ್ಚೆಯಾಯಿತು. ನಮ್ಮ ಘಟ್ಟದಲ್ಲಿಯೂ ಹಾಲುಮಡ್ಡಿ, ಧೂಪದ ಮರಗಳಿಗೆ ಮಿತಿಯಿಲ್ಲದೆ ಗಾಯ ಮಾಡಿ ರಾಳ ಇಳಿಸಿದುದರಿಂದ ಎಷ್ಟು ಮರಗಳು ಒಣಗಿದವೆಂಬುದನ್ನು ಹಿರಿಯರು ಬಲ್ಲರು. ಹೊಳಪು ಎಲ್ಲಿಂದ ಬಂತೆಂಬುದೂ ಲೆಕ್ಕಕ್ಕೆ ಬರಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಜಿಲ್ಲೆಯ ಹೊಲಗಳಲ್ಲಿಯೂ ಮೇಣವಿದೆ. ಕಬ್ಬಿನ ಗಣಿಕೆಯ ಮೇಲೆ ಬೂದಿ ಬಳಿದಂತೆ ಕಾಣುವ ಬಿಳಿಯ ಪುಡಿ ಮೇಣವೇ. ಕಬ್ಬು ಅರೆಯುವಾಗ ಅದು ರಸಕ್ಕೆ ಸೇರಿ, ಸುಣ್ಣ ಹಾಕಿ ಶುದ್ಧೀಕರಿಸುವಾಗ ಕೆಳಗೆ ಕುಳಿತು, ನಾವು ಗೊಬ್ಬರವೆಂದು ಹೊಲಕ್ಕೆ ಹಾಕುವ ಪ್ರೆಸ್‌ಮಡ್ಡಿನಲ್ಲಿ ಉಳಿಯುತ್ತದೆ. ಸಕ್ಕರೆ ತಂತ್ರಜ್ಞಾನವನ್ನು ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲಿಯೇ ಇದೆ. ಬ್ರೆಜಿಲಿನ ಮರದತ್ತ ನೋಡುವ ಮೊದಲು ಮನೆಯಂಗಳದ ಕಬ್ಬಿನತ್ತ ನೋಡುವ ಯೋಜನೆಯೊಂದನ್ನು ನಿಮ್ಮಲ್ಲಿ ಯಾರಾದರೂ ಕೈಗೆತ್ತಿಕೊಂಡರೆ ನನಗೆ ಸಂತೋಷ.

ಸೀಲೆಂಟ್, ಟೆಫ್ಲಾನ್, ಸೆರಾಮಿಕ್

ಮೇಣದ ಆಯುಷ್ಯ ನಮ್ಮ ಮಳೆಬಿಸಿಲಿನಲ್ಲಿ ಒಂದರಿಂದ ಮೂರು ತಿಂಗಳು. ಕೃತಕ ಪಾಲಿಮರುಗಳಿಂದ, ಹೆಚ್ಚಾಗಿ ಸಿಲಿಕೋನ್ ಜಾತಿಯ ವಸ್ತುಗಳಿಂದ, ಮಾಡಿದ ಸೀಲೆಂಟ್ ನಾಲ್ಕರಿಂದ ಆರು ತಿಂಗಳು ನಿಲ್ಲಬಹುದು. ಸೆರಾಮಿಕ್ ಕೋಟಿಂಗ್ ಎಂಬುದು ದ್ರವರೂಪದಲ್ಲಿ ಹಚ್ಚಿದ ಮೇಲೆ ಗಾಳಿಯ ತೇವದೊಂದಿಗೆ ಕೂಡಿ ಗಾಜಿನ ಜಾತಿಯ ಗಟ್ಟಿ ಪದರವಾಗುವ ಲೇಪನ. ಸರಿಯಾಗಿ ಹಚ್ಚಿದರೆ ವರ್ಷ, ಎರಡು ವರ್ಷ ಬಾಳುತ್ತದೆ. ಅದರ ಜಾಹೀರಾತಿನಲ್ಲಿ "9 ಎಚ್ ಗಡಸುತನ" ಎಂದಿರುತ್ತದೆ. ಅದು ಪೆನ್ಸಿಲ್‌ಗಳಿಂದ ಗೀರಿ ನೋಡುವ ಪರೀಕ್ಷೆಯ ಅಳತೆಯೇ ಹೊರತು ಖನಿಜಗಳ ಗಡಸುತನದ ಅಳತೆಯಲ್ಲ. ಚೋರ್ಲಾ ಘಟ್ಟದಲ್ಲಿ ಮುಂದಿನ ಲಾರಿಯ ಗಾಲಿಯಿಂದ ಸಿಡಿದ ಕಲ್ಲನ್ನು ಯಾವ ಸೆರಾಮಿಕ್ ಕೂಡ ತಡೆಯದು.

ನಮ್ಮ ದೇಶದಲ್ಲಿ ಹೊಸ ಗಾಡಿ ಕೊಳ್ಳುವಾಗ "ಟೆಫ್ಲಾನ್ ಕೋಟಿಂಗ್ ಮಾಡಿಸಿರಿ" ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಟೆಫ್ಲಾನ್ ಎಂದರೆ ದೋಸೆಯ ಕಾವಲಿಗೆ ಹಚ್ಚುವ ಪಿಟಿಎಫ್‌ಇ ಎಂಬ ಫ್ಲೋರಿನ್ ಪಾಲಿಮರ್. ಅದು ಮೆತ್ತಗಾಗಿ ಕರಗುವುದು 327 ಡಿಗ್ರಿಯಲ್ಲಿ. ಕಾವಲಿಯನ್ನು ಕಾರ್ಖಾನೆಯಲ್ಲಿ ಅಷ್ಟು ಕಾಯಿಸಿಯೇ ಅದನ್ನು ಬೆಸೆಯುತ್ತಾರೆ. ಗಾಡಿಯ ಬಣ್ಣವನ್ನು ಅಷ್ಟು ಕಾಯಿಸಲಾಗದು. ಆದುದರಿಂದ ಮೇಣದಲ್ಲಿ ಬೆರೆಸಿದ ಪಿಟಿಎಫ್‌ಇ ಪುಡಿ ಬಣ್ಣದೊಂದಿಗೆ ಬೆಸೆದುಕೊಳ್ಳುವುದಿಲ್ಲ. ಮೇಣ ಹೋದಾಗ ಅದರೊಂದಿಗೆ ತಾನೂ ಹೋಗುತ್ತದೆ.

ಹೋಗುವುದಾದರೂ ಎಲ್ಲಿಗೆ? ಇಲ್ಲಿಯೇ ಆತಂಕವಿರುವುದು. ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ಬಂಧ ಅತ್ಯಂತ ಗಟ್ಟಿ. ಮಣ್ಣಿನ ಸೂಕ್ಷ್ಮಜೀವಿಗಳು ಜೇನುಮೇಣವನ್ನು ತಿಂದು ಮುಗಿಸಬಲ್ಲವು. ಫ್ಲೋರಿನ್ ವರ್ಗದ ಈ ವಸ್ತುಗಳನ್ನು ಮುಗಿಸಲಾರವು. ಪಿಎಫ್‌ಎಎಸ್ ಎಂದು ಕರೆಯುವ ಈ ವರ್ಗದಲ್ಲಿ ಸಾವಿರಾರು ರಾಸಾಯನಿಕಗಳಿವೆ. ಎಲ್ಲವೂ ಒಂದೇ ಮಟ್ಟದ ವಿಷವಲ್ಲವಾದರೂ ಬಾಳಿಕೆಯಲ್ಲಿ ಎಲ್ಲವೂ ಹಠಮಾರಿ. ಅವುಗಳಲ್ಲಿ ಪಿಎಫ್‌ಒಎಸ್ ಎಂಬುದನ್ನು 2009ರಲ್ಲಿ, ಪಿಟಿಎಫ್‌ಇ ತಯಾರಿಕೆಯಲ್ಲಿ ದೀರ್ಘಕಾಲ ಬಳಸುತ್ತಿದ್ದ ಪಿಎಫ್‌ಒಎ ಎಂಬುದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿಸಲಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಒಎ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿತು. ಕೆಲವು ಸೆರಾಮಿಕ್ ಲೇಪನಗಳಲ್ಲಿ ಮತ್ತು ಸಿಂಪಡಿಸುವ ಸೀಲೆಂಟುಗಳಲ್ಲಿ ಕೂಡ ನೀರು ಜಾರಲೆಂದು ಫ್ಲೋರಿನ್ ಸಂಯುಕ್ತಗಳನ್ನು ಸೇರಿಸುವುದುಂಟು.

ಆದುದರಿಂದ "ಹೆಚ್ಚು ಬಾಳಿಕೆ" ಎಂಬ ಮಾತಿಗೆ ಎರಡು ಅರ್ಥಗಳಿವೆ. ಗಾಡಿಯ ಮೇಲೆ ಬಾಳುವುದು ಒಂದು, ನೀರಿನಲ್ಲಿ ಬಾಳುವುದು ಇನ್ನೊಂದು. ನಮಗೆ ಬೇಕಾದುದು ಮೊದಲನೆಯದು ಮಾತ್ರ.

ನಾನೂ ಈ ತಪ್ಪು ಮಾಡಿದವನೇ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಜೀಪಿಗೆ ಸಿಂಪಡಿಸುವ ಸೀಲೆಂಟೊಂದನ್ನು ತಂದು, ಮನೆಯ ಕೆಳಗಿನ ಹಳ್ಳದಲ್ಲಿ ಜೀಪನ್ನೂ, ಒರೆಸಿದ ಬಟ್ಟೆಗಳನ್ನೂ ತೊಳೆದೆ. ಬಾಟಲಿಯ ಮೇಲೆ ಒಳಗೇನಿದೆಯೆಂಬ ವಿವರವೇ ಇರಲಿಲ್ಲ, ನಾನೂ ಕೇಳಲಿಲ್ಲ. ಕೆಳಗಿನ ಮಡುವಿನಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದ ನೆರೆಮನೆಯ ಕಾಕಾ ತೇಲಿಬಂದ ನೊರೆಯನ್ನು ನೋಡಿ, "ಡಾಕ್ಟರೇಟ್ ಮಾಡಿದವರು ಏನು ಬಿಟ್ಟೀರಿ ನೀರಿಗೆ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೀಟನಾಶಕದ ಡಬ್ಬಿಯ ಮೇಲಿನ ಪ್ರತಿಯೊಂದು ಅಕ್ಷರವನ್ನೂ ಓದಬೇಕೆಂದು ರೈತರಿಗೆ ಬೋಧಿಸುವವನು ನಾನು.

ಕಣಕುಂಬಿಯ ಕೆಳಗೆ

ಮಲಪ್ರಭೆ ಹುಟ್ಟುವುದು ನಮ್ಮ ಕಣಕುಂಬಿಯಲ್ಲಿ. ಖಾನಾಪುರವನ್ನು ದಾಟಿ, ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯದಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಅದರ ಉದ್ದ ಸುಮಾರು 304 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡದ ಜನರು ಕುಡಿಯುವುದೂ ನವಿಲುತೀರ್ಥದ ನೀರನ್ನೇ. ಕಳಸಾ-ಬಂಡೂರಿಯ ಮಾತು ಬಂದಾಗ ನಾವೆಲ್ಲರೂ ನೀರಿನ ಪ್ರಮಾಣವನ್ನು ಕುರಿತು ಆವೇಶದಿಂದ ಮಾತನಾಡುತ್ತೇವೆ. ಆ ನೀರಿಗೆ ನಾವೇ ಏನನ್ನು ಬಿಡುತ್ತಿದ್ದೇವೆ ಎಂಬುದನ್ನು ಕುರಿತು ಮೌನವಾಗಿರುತ್ತೇವೆ. ಮೂಲದಲ್ಲಿ ಇರುವವರ ಹೊಣೆ ಹೆಚ್ಚು. ಕೊಳಕು ವಸ್ತುಗಳನ್ನು ಹೊಳೆಗೆ ಬಿಡಬಾರದೆಂದು 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯಲ್ಲಿಯೇ ಇದೆ. ಆದರೆ ಕಾಯಿದೆಗಿಂತ ಮೊದಲು ಆ ತಾಯಿಯ ಮಾತು ನಮಗೆ ಸಾಕು.

ಹೊಳೆಯಲ್ಲಿ ಗಾಡಿ ತೊಳೆದಾಗ ಸೋಪು, ಎಂಜಿನಿನ ಎಣ್ಣೆ, ಬ್ರೇಕಿನ ಪುಡಿ, ಮೇಣ ಎಲ್ಲವೂ ಒಮ್ಮೆಗೇ ನೀರಿಗಿಳಿಯುತ್ತವೆ. ಸೋಪಿನ ಅಂಶ ಮೀನಿನ ಕಿವಿರುಗಳ ನವುರಾದ ಪೊರೆಯನ್ನು ಕೆಡಿಸುತ್ತದೆ. ಬೇಸಿಗೆಯಲ್ಲಿ ಹರಿವು ನಿಂತು ಮಡುಗಳಷ್ಟೇ ಉಳಿದಾಗ ಈ ಹಾನಿ ಇನ್ನೂ ಹೆಚ್ಚು. ಆ ಮಡುಗಳೇ ಮುಂದಿನ ಮಳೆಗಾಲದ ಮೀನಿನ ಬೀಜ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತಂದೀತು. ಹೊಳೆಯ ದಡದಲ್ಲಿ ನಿಲ್ಲಿಸಿದ ಗಾಡಿಯ ಬಾನೆಟ್ಟಿಗೆ ಏರೋಪ್ಲೇನ್ ಚಿಟ್ಟೆ ತನ್ನ ಬಾಲ ತಾಗಿಸಿ ತಾಗಿಸಿ ಹಾರುವುದನ್ನು ನೀವು ಕಂಡಿರಬಹುದು. ಅದು ಆಟವಲ್ಲ, ಮೊಟ್ಟೆಯಿಡುವ ಯತ್ನ. ನೀರಿನ ಮೈಯಿಂದ ಪ್ರತಿಫಲಿಸಿದ ಬೆಳಕಿನ ಕಂಪನಗಳು ಒಂದೇ ಸಮತಲದಲ್ಲಿರುತ್ತವೆ. ನೀರಿನ ಕೀಟಗಳು ಆ ಗುರುತಿನಿಂದಲೇ ನೀರನ್ನು ಹುಡುಕುತ್ತವೆ. ಹೊಳೆಯುವ ಕಪ್ಪು ಮತ್ತು ಕೆಂಪು ಗಾಡಿಗಳು ಅದೇ ಬಗೆಯ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಮೋಸಗೊಳಿಸುತ್ತವೆಂದು ಹಂಗೇರಿಯ ಕ್ರಿಸ್ಕಾ, ಹೊರ್ವಾತ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟರು. ಕಾದ ತಗಡಿನ ಮೇಲೆ ಆ ಮೊಟ್ಟೆಗಳು ಬೆಂದುಹೋಗುತ್ತವೆ. ಬೇಯುವಾಗ ಅವುಗಳಿಂದ ಹುಟ್ಟುವ ಆಮ್ಲ ಗಾಡಿಯ ಮೇಲ್ಪದರವನ್ನೇ ಕೊರೆಯುತ್ತದೆಂದು ಬ್ರೆಜಿಲಿನ ಸಂಶೋಧಕರು 2000ದಲ್ಲಿ ಕಂಡುಕೊಂಡರು. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ತಿಂದು ಬದುಕುವಂಥವು. ಹೊಳೆಯ ದಡದಲ್ಲಿ ಹೊಳೆಯುವ ಗಾಡಿ ನಿಲ್ಲಿಸಿದರೆ ಹುಳುವಿಗೂ ನಷ್ಟ, ಗಾಡಿಗೂ ನಷ್ಟ.

ಮಾಡಬೇಕಾದುದು ಏನು?

ತರುಣ ಮಿತ್ರನ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸುತ್ತೇನೆ.

ಒಂದು: ಒಣ ಬಟ್ಟೆಯಿಂದ ಧೂಳು ಒರೆಸುವುದನ್ನು ಇಂದಿನಿಂದಲೇ ಬಿಡಿರಿ. ನಮ್ಮ ಕೆಂಪು ಧೂಳಿನಲ್ಲಿ ಗಟ್ಟಿಯಾದ ಮರಳಿನ ಕಣಗಳಿವೆ. ಒಣಗಿದ್ದಾಗ ಒರೆಸಿದರೆ ಅದೇ ಉಪ್ಪುಕಾಗದ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಮೆತ್ತನೆಯ ಬಟ್ಟೆ ಆಡಿಸಿರಿ. ಹೊಳಪು ಉಳಿಸುವ ಉಪಾಯಗಳಲ್ಲಿ ಅತ್ಯಂತ ಅಗ್ಗವಾದುದು ಮತ್ತು ಅತ್ಯಂತ ದೊಡ್ಡದು ಇದೇ.

ಎರಡು: ಎರಡು ಬಕೆಟ್ ಇಟ್ಟುಕೊಳ್ಳಿರಿ. ಒಂದರಲ್ಲಿ ಸೌಮ್ಯವಾದ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿಯ ನೀರು. ಹಳೆಯ ಹತ್ತಿಯ ಧೋತರದ ತುಂಡು ಸಾಕು. ಗುಂಡಿ, ಜರಿಯಂಚು ಇರಬಾರದು. ಸುತ್ತಿ ಸುತ್ತಿ ಉಜ್ಜದೆ ನೇರವಾಗಿ ಒರೆಸಿರಿ. ನೆರಳಿನಲ್ಲಿ ತೊಳೆದು ಒಣಗಿಸಿರಿ.

ಮೂರು: ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಅದನ್ನು ಅದೇ ದಿನ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿ ನೆನೆಸಿ ತೆಗೆಯಿರಿ. ಕೆರೆಯಬೇಡಿರಿ.

ನಾಲ್ಕು: ವರ್ಷಕ್ಕೆ ಎರಡು ಸಲ ಮೇಣ ಹಚ್ಚಿರಿ: ಮೇ ತಿಂಗಳಲ್ಲಿ ಮಳೆಗೆ ಮುನ್ನ, ದಸರೆಯ ಹೊತ್ತಿಗೆ ಮಳೆ ಹಿಂದೆ ಸರಿದ ಮೇಲೆ. ನಮ್ಮ ಜೂನ್‌-ಜುಲೈ ತಿಂಗಳ ತೇವದಲ್ಲಿ ಮೇಣ ಸರಿಯಾಗಿ ಕೂಡುವುದಿಲ್ಲ. ಫ್ಲೋರಿನ್ ಸೇರದ ಸಾಧಾರಣ ಕಾರ್ನೌಬಾ ಮೇಣವೇ ಸಾಕು. ತೆಳುವಾಗಿ ಹಚ್ಚಿರಿ, ದಪ್ಪಗೆ ಮೆತ್ತಿದ ಮೇಣ ಒರೆಸುವ ಬಟ್ಟೆಗೆ ಹೋಗುತ್ತದೆಯೇ ಹೊರತು ಗಾಡಿಗೆ ಅಲ್ಲ. ಮಳೆ ಬಂದಾಗ ಹನಿ ಗೋಲಿಯಾದರೆ ಮೇಣ ಇದೆ, ನೀರು ಹಾಳೆಯಂತೆ ಹರಡಿ ನಿಂತರೆ ಮೇಣ ಹೋಗಿದೆ ಎಂದು ತಿಳಿಯಿರಿ.

ಐದು: ವರ್ಷವಿಡೀ ಬಯಲಿನಲ್ಲಿ ನಿಲ್ಲುವ ಬಾಡಿಗೆ ಗಾಡಿಗಳಿಗೆ, ಒಮ್ಮೆ ಹಚ್ಚಿದರೆ ಬಹುಕಾಲ ನಿಲ್ಲುವ ಸೆರಾಮಿಕ್ ಲೇಪನ ಉಚಿತವಾಗಬಹುದು, ಕೊಳೆ ಕಡಿಮೆ ಅಂಟುವುದರಿಂದ ಸೋಪೂ ಕಡಿಮೆ ಬೇಕು. ಆದರೆ ಹಣ ಕೊಡುವ ಮೊದಲು ಅದರ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿರಿ. ಅದರಲ್ಲಿ "ಫ್ಲೋರೊ" ಎಂಬ ಅಕ್ಷರಗಳಿಂದ ಕೂಡಿದ ಹೆಸರು ಅಥವಾ ಪಿಟಿಎಫ್‌ಇ ಕಂಡರೆ ಬೇಡವೆನ್ನಿರಿ. ಪತ್ರವೇ ಇಲ್ಲವೆಂದರೆ ಮುಂದಿನ ಅಂಗಡಿಗೆ ಹೋಗಿರಿ. ಇದನ್ನು ಕೇಳುವ ಹಕ್ಕು ಗಿರಾಕಿಗೆ ಇದೆ.

ಆರು: ಮಳೆಗಾಲದಲ್ಲಿ ಗಾಡಿಯನ್ನು ಪ್ಲಾಸ್ಟಿಕ್ ತಾಡಪಾಲಿನಲ್ಲಿ ಬಿಗಿಯಾಗಿ ಮುಚ್ಚಿಡಬೇಡಿರಿ. ಒಳಗೆ ತೇವ ನಿಲ್ಲುತ್ತದೆ, ಗಾಳಿಗೆ ಹೊದಿಕೆ ತಿಕ್ಕಿ ಗೀರು ಬೀಳುತ್ತದೆ. ಸೋಗೆಯದಾದರೂ ಸರಿ, ಒಂದು ಚಪ್ಪರ ಎಲ್ಲ ಕೋಟಿಂಗುಗಳಿಗಿಂತ ಮೇಲು. ಬಿಸಿಲೂ ಹಿಕ್ಕೆಯೂ ತಾಗದ ಗಾಡಿಗೆ ಮೇಣವೇ ಅಪರೂಪಕ್ಕೆ ಬೇಕು.

ಏಳು: ತೊಳೆಯುವ ಜಾಗ ಹೊಳೆ, ಹಳ್ಳ, ಬಾವಿಗಳಿಂದ ದೂರವಿರಲಿ. ಜಂಬಿಟ್ಟಿಗೆಯ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಆದುದರಿಂದ ಬಾವಿಯ ಮೇಲ್ಭಾಗದಲ್ಲಿ ತೊಳೆಯಲೇಬಾರದು. ಆ ನೀರು ಹುಲ್ಲಿಗೆ, ಬೇಲಿಯ ಗಿಡಗಳಿಗೆ ಹೋಗಲಿ. ಸೊಪ್ಪು ತರಕಾರಿಗೆ ಬೇಡ. ಮೇಣ ಒರೆಸಿದ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಅದ್ದಬೇಡಿರಿ.

ಕೊನೆಯ ಮಾತು

ಬರುವ ಖಂಡೇಪೂಜೆಯ ದಿನವನ್ನು ನೆನೆಯಿರಿ. ಅಂದು ಬೆಳಿಗ್ಗೆ ಊರಿನ ಟ್ರ್ಯಾಕ್ಟರು, ಜೀಪು, ಮೋಟಾರ್ ಸೈಕಲ್ಲುಗಳೆಲ್ಲವೂ ಹೊಳೆಗೆ ಇಳಿಯುತ್ತವೆ. ವರ್ಷದ ಎಣ್ಣೆ ಕೊಳೆಯೆಲ್ಲವೂ ಒಂದೇ ಮುಂಜಾವಿನಲ್ಲಿ ನೀರಿಗೆ ಸೇರುತ್ತದೆ. ಅನ್ನ ಕೊಡುವ ಉಪಕರಣವನ್ನು ಪೂಜಿಸುವ ಹಬ್ಬವದು. ನೀರು ಕೊಡುವ ತಾಯಿಯನ್ನು ಅಂದೇ ಕೆಡಿಸುವುದು ಆ ಹಬ್ಬಕ್ಕೆ ಒಪ್ಪುವ ಮಾತಲ್ಲ. ನನ್ನ ಬೇಡಿಕೆ ಒಂದೇ: ಈ ವರ್ಷ ಪ್ರತಿ ಊರಿನಲ್ಲಿಯೂ ಹೊಳೆಯಿಂದ ದೂರ, ಹುಲ್ಲುನೆಲದ ಮೇಲೆ ತೊಳೆಯುವ ಜಾಗವೊಂದನ್ನು ಗುರುತಿಸಿರಿ. ತರುಣರು ಬಕೆಟ್ಟಿನಲ್ಲಿ ನೀರು ಹೊತ್ತು ತರಲಿ. ಹೊತ್ತು ತಂದ ನೀರನ್ನು ಯಾರೂ ದಂಡ ಮಾಡುವುದಿಲ್ಲ.

ನಮ್ಮ ಭಾಷೆಯಲ್ಲಿ ಹೊಳೆ ಎಂದರೆ ನದಿಯೂ ಹೌದು, ಬೆಳಗು ಎಂಬ ಅರ್ಥವೂ ಹೌದು. ಗಾಡಿ ಹೊಳೆಯಲಿ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಹೊಳೆ ಹೊಳೆಯಲಿ.